ಮೇಸ್ತ್ರಿಗೊಂದು ಹಾಡು

"ಕೈ ಆಡ್ಸೇ. ಆ ಮೀನೇನು ನಿನ್ ಮಿಂಡನಾ, ಹಿಂಗ್ ಸವರ್ತಾ ನಿಂತಿದೀಯಲ್ಲ?"

ಮೇಸ್ತ್ರಿ ಪ್ರೆಬೆನ್ ಇಷ್ಟು ಹೇಳಿ ಸೋಲ್ವೈಯ ಬೆನ್ನಿಗೆ ಒಂದು ಗೇಣು ದೂರದಲ್ಲಿ ನಿಂತ. ಗೇಣಿಗಿಂತ ಹತ್ತಿರ ಬರುವವನಲ್ಲ, ಕಾನೂನು ಬಲ್ಲವನು. ಜುಟ್‌ಲ್ಯಾಂಡಿನ ಕಡಲ ದಂಡೆಯ ಆ ಕಾರ್ಖಾನೆಯಲ್ಲಿ ನಲವತ್ತು ಹೆಂಗಸರು ಹೆರಿಂಗ್ ಮೀನು ಸೀಳುತ್ತಿದ್ದರು. ಎಂಬತ್ತು ಕಿವಿಗೂ ಮಾತು ಬಿತ್ತು, ಒಂದು ತಲೆಯೂ ಏಳಲಿಲ್ಲ.

ಸಂಜೆ ಅವಳ ಸೈಕಲ್ಲಿನ ಹಿಂದೆ ಅವನ ಕಾರು, ಸೈಕಲ್ಲಿನಷ್ಟೇ ನಿಧಾನವಾಗಿ, ಅವಳ ಮನೆಯವರೆಗೆ. ಮೂರು ತಿಂಗಳಿಂದ ಹೀಗೇ. ದೂರು ಕೊಟ್ಟಾಗ ಮಾಲೀಕ ಥೋರ್ಕಿಲ್ ಕಾಫಿ ಬಗ್ಗಿಸಿಕೊಟ್ಟ.

"ಮುಟ್ಟಿದ್ನಾ? ಇಲ್ವಲ್ಲ. ರಸ್ತೆ ಸರ್ಕಾರದ್ದು ಕಣಮ್ಮ."

"ಬಾಯ್ಮುಚ್ಕೊಂಡಿರವ್ವ," ಅಂದಳು ಕೆಲಸದವರಲ್ಲೆಲ್ಲ ಹಿರಿಯಳಾದ ಟೋವೆ. "ಬೇಜಾರಾದ್ರೆ ಆ ಬೇವರ್ಸಿ ತಾನಾಗೇ ಬಿಡ್ತಾನೆ."

ಇನ್ನೊಂದು ವಾರ ನೋಡಿ ತಾನೇ ಕೆಲಸ ಬಿಡುವುದೆಂದು ಸೋಲ್ವೈ ನಿಶ್ಚಯಿಸಿದಳು.

ಆ ವಾರವೇ ಮೇಸ್ತ್ರಿಯ ಸೇವೆಗೆ ಇಪ್ಪತ್ತೈದು ವರ್ಷ ತುಂಬಿತು; ಮಾಲೀಕ ಎಲ್ಲರಿಗೂ ಊಟವೆಂದು ಸಾರಿದ. ಆ ಕಡೆ ಅಂಥ ಊಟಕ್ಕೆ ಹಾಡಿಲ್ಲದಿದ್ದರೆ ಉಪ್ಪಿಲ್ಲದಂತೆ. ಊಟ ಯಾರ ಗೌರವಕ್ಕೋ ಅವನ ಮೇಲೆ ಜೊತೆಯವರು ಕಟ್ಟಬೇಕು, ಹಾಳೆಗಳನ್ನು ಸುರುಳಿ ಸುತ್ತಿ ಹಂಚಬೇಕು, ಮುಂದಿನ ನುಡಿ ಏನೆಂದು ನೋಡದೆ ಎಲ್ಲರೂ ಒಟ್ಟಿಗೆ ಹಾಡಬೇಕು. ಹಾಡಿಸಿಕೊಂಡವನು ಕೊನೆಯವರೆಗೂ ನಗುತ್ತ ಕೂರಬೇಕು; ನಡುವೆ ಎದ್ದರೆ ಊರೆಲ್ಲ ಆಡಿಕೊಳ್ಳುತ್ತದೆ.

"ಸೋಲ್ವೈನೇ ಬರೀಲಿ," ಪ್ರೆಬೆನ್ ಕಣ್ಣು ಹೊಡೆದ. "ನನ್ ಕಂಡ್ರೆ ಅವ್ಳಿಗೆ ಒಂಥರಾ."

"ಬರೀತೀನಿ ಮೇಸ್ತ್ರಿ. ಒಂದಕ್ಷರ ಸುಳ್ಳಿರಲ್ಲ."

ಮೇಜಿನ ಮೇಲೆ ಬಾವುಟ, ಹುಳಿ ಹಾಕಿದ ಹೆರಿಂಗ್, ಸಾರಾಯಿ. ಥೋರ್ಕಿಲ್ ಚರ್ಚಿನಲ್ಲಿ ಹಾಡುವವನು, ಭಾರೀ ಕಂಠ. ಮೊದಲ ನುಡಿ ಮೇಸ್ತ್ರಿಯ ಬೂಟಿನ ವಾಸನೆಯ ಮೇಲೆ; ಎಲ್ಲರೂ ನಕ್ಕರು, ಅವನೂ ನಕ್ಕ. ಎರಡನೆಯದನ್ನು ಮಾಲೀಕನೇ ಮೇಜು ಕುಟ್ಟುತ್ತ ಎತ್ತಿಕೊಂಡ:

"ಸಂಜೆ ಐದು, ಸೈಕಲ್ ಮುಂದೆ, ಹಿಂದೆ ಹಿಂದೆ ಕಾರು,
ನನ್ ಮನೆ ಗೇಟಿನ್ ತಂಕ ದಿನಾ ಬರೋನ್ಯಾರು, ಯಾರು?"

"ನಮ್ಮ ಪ್ರೆಬೆನ್, ನಮ್ಮ ಪ್ರೆಬೆನ್!" ನಲವತ್ತು ಗಂಟಲು ತೆರೆದವು. ಹಾಡಿದ್ದು ಮಾಲೀಕನ ತಲೆಗೆ ಹತ್ತುವಷ್ಟರಲ್ಲಿ ಪಲ್ಲವಿ ಮುಗಿದಿತ್ತು.

ಮೂರನೆಯದರಲ್ಲಿ ಹೆಂಗಸರು ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಅವನು ಕಾದು ನಿಲ್ಲುವುದು ಬಂತು, ನಾಲ್ಕನೆಯದರಲ್ಲಿ ಮಾಲೀಕನ ಕಾಫಿ. ಪ್ರೆಬೆನ್ ನಗುತ್ತಲೇ ಇದ್ದ. ಆ ನಗು ಗಳುವಿನ ಮೇಲೆ ಒಣಗಹಾಕಿದ ಮೀನಿನಂತೆ ಮುಖದಲ್ಲಿ ನೇತಾಡುತ್ತಿತ್ತು. ಕುರ್ಚಿ ಹಿಂದಕ್ಕೆ ತಳ್ಳಿದ.

"ಕುಂತ್ಕೊಳ್ಳೋ," ಅಂದಳು ಟೋವೆ. "ಹಾಡು ಮುಗೀಲಿ."

ಐದನೆಯ ನುಡಿಗೆ ಹಾಳೆ ಮುಗಿಯಿತು. ಸೋಲ್ವೈ ತನ್ನದನ್ನು ಮಡಿಸಿದಳು. ಥೋರ್ಕಿಲ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಟೋವೆ ಎದ್ದು, ಗಂಟಲು ಸರಿಮಾಡಿಕೊಂಡು, ಯಾರ ಹಾಳೆಯಲ್ಲೂ ಇಲ್ಲದ ಆರನೆಯ ನುಡಿ ಶುರುಮಾಡಿದಳು:

"ಇಪ್ಪತ್ ವರ್ಷದ್ ಹಿಂದಿನ್ ಮಾತು, ನಂಗೆ ಮೂವತ್ತಾರು,
ಐಸಿನ್ ಕೋಣೆ ಕದ ಹಾಕಿ ಅಡ್ಡ ನಿಂತೋನ್ಯಾರು?"

ರಾಗ ತಪ್ಪಿತ್ತು. ಪಲ್ಲವಿ ಮುಗಿಯುವಷ್ಟರಲ್ಲಿ ಇನ್ನೂ ಮೂವರು ತಮ್ಮ ಸರದಿಗೆಂದು ಎದ್ದು ನಿಂತಿದ್ದರು.