ಓಡದ ಗಾಡಿಯ ತಪಾಸಣೆ

ಸಾಣೆಯವನ ಮೋಟಾರ್‌ಸೈಕಲ್ಲು ಒಂದು ಮೊಳ ದೂರವೂ ಓಡದೆ ವರ್ಷಗಳೇ ಆಗಿದ್ದವು. ಮುಂದಿನ ಚಕ್ರವನ್ನು ಅಂಗಡಿಯ ನೆಲದಲ್ಲಿ ಅರ್ಧಕ್ಕೆ ಹೂತು ಸಿಮೆಂಟು ಹಾಕಿದ್ದರು. ಹಿಂದಿನ ಚಕ್ರ ಕಬ್ಬಿಣದ ಚೌಕಟ್ಟಿನ ಮೇಲೆ ಗಾಳಿಯಲ್ಲಿತ್ತು. ಅದರ ಟೈರು ತೆಗೆದು ಬೆಲ್ಟು ತೊಡಿಸಿ, ಕ್ಯಾರಿಯರ್ ಮೇಲೆ ಕೂರಿಸಿದ ಸಾಣೆಕಲ್ಲಿಗೆ ಜೋಡಿಸಿದ್ದರು. ಇಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿದರೆ ಕಲ್ಲು ತಿರುಗುತ್ತಿತ್ತು. ಸಾಣೆಯವನು ಬೀದಿಗೆ ಬೆನ್ನು ಹಾಕಿ, ಸೀಟಿನ ಮೇಲೆ ಹಿಂದುಮುಂದಾಗಿ ಕೂತು, ಕಟುಕರ ಕತ್ತಿ, ದರ್ಜಿಗಳ ಕತ್ತರಿ ಮಸೆದು ಹೊಟ್ಟೆ ಹೊರೆಯುತ್ತಿದ್ದ.

ಗಾಡಿ ಮೊದಲು ಅವನ ಭಾವನದಾಗಿತ್ತು. ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟು, ಭಾವ ಗಾಡಿ ಸಮೇತ ಹಾಲಿನಂಗಡಿಯೊಳಕ್ಕೆ ನುಗ್ಗಿದ್ದ. ಆಸ್ಪತ್ರೆಯಿಂದ ಬರುವಾಗ ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿತ್ತು. "ಓಡಿದ್ದು ಸಾಕು, ಇನ್ನು ನಿಂತಲ್ಲೇ ದುಡೀಲಿ" ಎಂದು ಸಿಮೆಂಟು ಕಲಸಿ ಹಾಕಿಸಿದವಳು ಅಕ್ಕ.

ಆದರೆ ಸರ್ಕಾರದ ರಿಜಿಸ್ಟರಿನಲ್ಲಿ ಗಾಡಿ ಇನ್ನೂ ಓಡುತ್ತಿತ್ತು. ಎಲ್ಲ ಮೋಟಾರ್‌ಸೈಕಲ್ಲುಗಳಿಗೂ ತಪಾಸಣೆ ಕಡ್ಡಾಯ, ಸ್ಟಿಕರ್ ಇಲ್ಲದ ಗಾಡಿ ಜಪ್ತಿ ಎಂಬ ಆಜ್ಞೆ ಬಂತು. ಗಾಡಿ ಕಚೇರಿಗೆ ಹೋಗುವ ಹಾಗಿಲ್ಲದ ಮೇಲೆ ಇನ್ಸ್‌ಪೆಕ್ಟರೇ ಬರುವುದೆಂದಾಯಿತು.

"ಇವತ್ತು ಗಾಡಿ, ನಾಳೆ ನಮ್ಮ ಮಂಚ ಅಲ್ಲಾಡಿಸಿ ನೋಡ್ತಾರೆ," ಭಾವ ಗೊಣಗಿದ.

"ಆವತ್ತೇ ಯಾರಾದ್ರೂ ಬ್ರೇಕು ನೋಡಿದ್ರೆ ನಿಮ್ಮ ಕಾಲು ನೆಟ್ಟಗಿರ್ತಿತ್ತು," ಅಂದಳು ಅಕ್ಕ.

"ಕಾಲು ನಂದು ಕಣೇ, ಸರ್ಕಾರದ್ದಲ್ಲ."

"ಕುಂಟೋವಾಗ ಹೆಗಲು ಕೊಡೋಳು ನಾನು. ಸರ್ಕಾರ ಬರುತ್ತಾ?"

ಸಾಣೆಯವನು ಸಾಣೆಕಲ್ಲನ್ನು ಬೆರಳಿನಿಂದ ತಟ್ಟಿ ನೋಡಿದ. ಅವನ ತಲೆ ಬೇರೆಲ್ಲೋ ಇತ್ತು. ಹೊಸದರಲ್ಲಿ ತಟ್ಟಿದರೆ ಟಣ್ ಅನ್ನುತ್ತಿದ್ದ ಕಲ್ಲು ಈಚೆಗೆ ಟಪ್ ಅನ್ನುತ್ತಿತ್ತು. ನಾಳೆ ನೋಡೋಣ ಎಂದುಕೊಂಡೇ ದಿನ ತಳ್ಳುತ್ತಿದ್ದ.

ಇನ್ಸ್‌ಪೆಕ್ಟರು ತನ್ನ ಬೈಕನ್ನು ಬಾಗಿಲಲ್ಲಿ ನಿಲ್ಲಿಸಿ, ಹೆಲ್ಮೆಟ್ಟನ್ನು ಅದರ ಕನ್ನಡಿಗೆ ತಗುಲಿಸಿ ಒಳಗೆ ಬಂದ. ಹೂತ ಚಕ್ರ ನೋಡಿಯೂ ಹುಬ್ಬೇರಿಸಲಿಲ್ಲ.

"ಕನ್ನಡಿ ಎಲ್ಲಿ? ಹಿಂದೆ ಬರೋರು ಕಾಣಬೇಕು."

"ಹಿಂದೆ ಗೋಡೆ ಇದೆ ಸರ್."

"ಗೋಡೆ ಆದ್ರೂ ಕಾಣಬೇಕು."

ಅಕ್ಕ ತಲೆ ಬಾಚುವ ಕನ್ನಡಿ ತಂದು ಹ್ಯಾಂಡಲಿಗೆ ದಾರದಿಂದ ಕಟ್ಟಿದಳು. ಇನ್ಸ್‌ಪೆಕ್ಟರು ಬಗ್ಗಿ ನೋಡಿದ. "ಗೋಡೆ ಕಾಣ್ತಿದೆ. ಪಾಸ್. ಬ್ರೇಕು? ಗಾಡಿ ನಿಲ್ಲಬೇಕು."

"ನಿಂತೇ ಇದೆಯಲ್ಲ ಸ್ವಾಮಿ," ಭಾವ ನಕ್ಕ. "ಸಿಮೆಂಟಿಗಿಂತ ಒಳ್ಳೇ ಬ್ರೇಕು ಯಾವ ದೇಶದಲ್ಲಿದೆ?"

ಇನ್ಸ್‌ಪೆಕ್ಟರು ಸಿಮೆಂಟನ್ನು ಬೂಟಿನಿಂದ ಒದ್ದು ನೋಡಿ ಪಾಸ್ ಮಾಡಿದ. ಆಮೇಲೆ ಬಾಗಿಲಾಚೆ ನಿಂತು ಶಬ್ದ ಅಳೆಯುವ ಯಂತ್ರ ಹಿಡಿದ. "ಫುಲ್ ರೇಸ್ ಮಾಡಿ."

"ನ್ಯೂಟ್ರಲ್‌ನಲ್ಲಿ ಮಾಡ್ಲಾ ಸರ್? ಕಲ್ಲು ಅಷ್ಟು ಜೋರು ತಿರುಗಬಾರದು."

"ನ್ಯೂಟ್ರಲ್‌ನಲ್ಲಿ ಬರೋದು ನಿಂತಿರೋ ಗಾಡಿ ಶಬ್ದ. ನಂಗೆ ಓಡೋ ಗಾಡಿ ಶಬ್ದ ಬೇಕು. ಸವಾರ ಮುಂದಕ್ಕೆ ಮುಖ ಮಾಡಿ ಕೂರಬೇಕು. ಹೆಲ್ಮೆಟ್ ಹಾಕಿರಬೇಕು."

ಮನೆಯಲ್ಲಿದ್ದದ್ದು ಭಾವನ ಹಳೇ ಹೆಲ್ಮೆಟ್ಟು. ಭಾವ ಅದನ್ನು ಒಂದು ದಿನವೂ ಹಾಕಿರಲಿಲ್ಲ; ಅಕ್ಕ ಅದರಲ್ಲಿ ಈರುಳ್ಳಿ ಇಡುತ್ತಿದ್ದಳು. ಈರುಳ್ಳಿ ಸುರಿದು ತಮ್ಮನ ತಲೆಗೆ ಹಾಕಿದಳು. ಘಾಟಿಗೆ ಅವನ ಕಣ್ಣಲ್ಲಿ ನೀರು ಬಂತು. ಆ ನೀರಿನಾಚೆ, ಗಾಡಿಯ ಮೇಲೆ ಕೂತು ಮೊದಲ ಸಲ ಅವನು ಬೀದಿ ನೋಡಿದ. ಗೇರು ಹಾಕಿ ಆಕ್ಸಿಲರೇಟರ್ ತಿರುವಿದ.

ಕಲ್ಲು ಸಿಡಿಯಿತು.

ಧೂಳು ಇಳಿದಾಗ ಚಾವಣಿಯಲ್ಲಿ ಒಂದು ತೂತಾಗಿತ್ತು. ಸಾಣೆಯವನು ಹ್ಯಾಂಡಲಿನ ಮೇಲೆ ಕವುಚಿ ಬಿದ್ದಿದ್ದ. ಅಕ್ಕ ಓಡಿ ಬಂದು ಎತ್ತಿ ಕೂರಿಸಿದಳು. ಹೆಲ್ಮೆಟ್ಟಿನ ಹಿಂಭಾಗ ಬೆರಳು ತೂರುವಷ್ಟು ಸೀಳಿತ್ತು. ನಿತ್ಯ ಅವನ ಮುಖ ಇರುತ್ತಿದ್ದ ಜಾಗವೇ ಅದು.

"ಸುಮ್ನೆ ತಿರುಗ್ತಿದ್ದ ಕಲ್ಲನ್ನ ಸರ್ಕಾರ ಒಡೆದುಹಾಕ್ತು!" ಭಾವ ಕೂಗಿದ.

"ತಲೆ ಉಳೀತಲ್ರೀ! ತಪಾಸಣೆ ಇಲ್ದಿದ್ರೆ ಇವನು ಹೆಲ್ಮೆಟ್ ಹಾಕ್ತಿದ್ನಾ?"

"ತಪಾಸಣೆ ಇಲ್ದಿದ್ರೆ ಕಲ್ಲು ಯಾಕೆ ಒಡೀತಿತ್ತು?"

ಸಾಣೆಯವನು ಕೂತಲ್ಲಿಂದಲೇ ಒಂದು ಚೂರು ಹೆಕ್ಕಿ ನೋಡಿದ. ಒಡೆದ ಅಂಚು ಅರ್ಧ ಬೆಳ್ಳಗಿತ್ತು, ಅರ್ಧ ಎಣ್ಣೆ ಕುಡಿದು ಕಪ್ಪಾಗಿತ್ತು. "ಹಳೇ ಬಿರುಕು," ಅಂದ. "ಇವತ್ತಲ್ಲದಿದ್ರೆ ಇನ್ನೊಂದಿನ ಮುಖಕ್ಕೇ ಹೊಡೀತಿತ್ತು."

"ಕಲ್ಲು ನನ್ನ ವ್ಯಾಪ್ತಿಗೆ ಬರಲ್ಲ," ಅಂದ ಇನ್ಸ್‌ಪೆಕ್ಟರು. ಅಂಗಿಯ ಧೂಳು ಕೊಡವಿಕೊಂಡ. "ಕಲ್ಲು ಸಿಡಿಯೋವರೆಗೂ ಶಬ್ದ ಮಿತಿಯಲ್ಲಿತ್ತು. ಪಾಸ್. ಆದರೆ ಹೆಲ್ಮೆಟ್ ಒಡೆದಿದೆ. ಅದು ಫೇಲ್. ಸಂಜೆ ಜಪ್ತಿ ಲಾರಿ ಬರುತ್ತೆ."

 ಕಲ್ಲು ಹೋದರೆ ಇನ್ನೊಂದು ತರಬಹುದು. ಗಾಡಿಯೇ ಹೋದರೆ ಒಲೆ ಹೊತ್ತುವುದಿಲ್ಲ.

ಅಕ್ಕ ಸೆರಗು ಸಿಕ್ಕಿಸಿ ಹೊರಗೆ ಹೋದಳು. ಇನ್ಸ್‌ಪೆಕ್ಟರನ ಬೈಕಿನ ಕನ್ನಡಿಯಲ್ಲಿ ತೂಗುತ್ತಿದ್ದ ಹೆಲ್ಮೆಟ್ಟು ತಂದು, ಒಡೆದದ್ದನ್ನು ತೆಗೆದು, ತಮ್ಮನ ತಲೆಗೆ ಒತ್ತಿದಳು.

"ಈಗ ನೋಡಿ."

"ಅದು ನಂದು."

"ಯಾರದ್ದಿರಬೇಕು ಅಂತ ನಿಯಮದಲ್ಲಿದೆಯಾ?"

ಇನ್ಸ್‌ಪೆಕ್ಟರು ಕೈಪಿಡಿ ತಿರುವಿದ. ಇರಲಿಲ್ಲ. ಹೆಲ್ಮೆಟ್ಟನ್ನು ಗೆಣ್ಣಿನಿಂದ ಕುಟ್ಟಿ ನೋಡಿ, ಪಾಸ್ ಮಾಡಿ, ಸ್ಟಿಕರ್ ಅಂಟಿಸಿದ. ಆಮೇಲೆ ಕೈ ಚಾಚಿದ. "ಕೊಡಿ, ಹೊರಡಬೇಕು."

"ಕೊಡೋದು ಹೇಗೆ? ನೀವು ಪಾಸ್ ಮಾಡಿದ್ದು ಇದನ್ನ. ಒಯ್ದರೆ ಗಾಡಿ ಮತ್ತೆ ಫೇಲಲ್ವಾ?" ಅಂದಳು ಅಕ್ಕ.

ಇನ್ಸ್‌ಪೆಕ್ಟರು ಕೈಪಿಡಿಯನ್ನು ಇನ್ನೊಮ್ಮೆ ತಿರುವಿದ. ಅವಳ ಮಾತಿನಲ್ಲಿ ಎಲ್ಲೂ ತಪ್ಪು ಸಿಗಲಿಲ್ಲ. ಹೊರಗೆ ಹೋಗಿ, ಬೈಕಿನ ಹ್ಯಾಂಡಲ್ ಹಿಡಿದು ಏರು ಬೀದಿಯಲ್ಲಿ ತಳ್ಳಿಕೊಂಡು ಹೊರಟ.

ಭಾವ ಕುಂಟುತ್ತಾ ಬಾಗಿಲಿಗೆ ಬಂದ. "ಸ್ವಾಮೀ, ಹತ್ತಿ ಹೋಗಿ! ಬರೀ ತಲೇಲಿ ಹೋದ್ರೆ ಇಲ್ಲಿ ಯಾರು ನೋಡ್ತಾರೆ?"

"ಹೆಲ್ಮೆಟ್ ಇಲ್ಲದೆ ಓಡಿಸೋ ಹಾಗಿಲ್ಲ," ತಿರುಗಿ ನೋಡದೆ ಅಂದ ಇನ್ಸ್‌ಪೆಕ್ಟರು, ಏದುಸಿರು ಬಿಡುತ್ತಾ.

ಸಾಣೆಯವನು ಇನ್ನೂ ಮುಂದಕ್ಕೆ ಮುಖ ಮಾಡಿಯೇ ಕೂತಿದ್ದ. ಒಳಗೆ ಅಕ್ಕ ಒಡೆದ ಹೆಲ್ಮೆಟ್ಟಿಗೆ ಈರುಳ್ಳಿ ತುಂಬುತ್ತಿದ್ದಳು. ಸಣ್ಣವು ಸೀಳಿನಿಂದ ಕೆಳಗೆ ಉದುರುತ್ತಿದ್ದವು. ಬೀದಿಯಲ್ಲಿ ಭಾವ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದ. ಥೂ ಎಂದು ಉಗಿದ. ಆಮೇಲೆ ಗಿಡ್ಡ ಕಾಲೆಳೆದುಕೊಂಡು ಏರು ಹತ್ತಿ, ಸರ್ಕಾರವನ್ನು ವಾಚಾಮಗೋಚರ ಬೈಯುತ್ತಲೇ ಬೈಕನ್ನು ಹಿಂದಿನಿಂದ ತಳ್ಳತೊಡಗಿದ.