ನಾಲ್ಕು ಮಾಲೆಯ ಹೊತ್ತು

ನನ್ನ ಮಗ ಶಿವಮೂರ್ತಿಯನ್ನು ಸಿ.ಎಸ್. ಪುರದ ನಮ್ಮ ತೋಟದಲ್ಲಿ ಮಚ್ಚಿನಿಂದ ಕೊಚ್ಚಿ ಕೊಂದರು. ಕುತ್ತಿಗೆಗೆ ಎರಡು ಏಟು, ತಡೆಯಲು ಎತ್ತಿದ ಕೈಗೆ ಏಳು. ತುಮಕೂರಿನ ಆಸ್ಪತ್ರೆಯಿಂದ ಹೆಣ ತಂದಾಗ ಎಡಗೈಯನ್ನು ಬೇರೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ಪಕ್ಕದ ಜಮೀನು ಕೊಂಡ ಕುಣಿಗಲ್ಲಿನ ಕರಿಸಿದ್ದಪ್ಪನ ಮೇಲೆ ಎಲ್ಲರಿಗೂ ಅನುಮಾನ. ಕಂಡವರಿಲ್ಲ.

ಕರಿಸಿದ್ದಪ್ಪ ಕಿತ್ತು ಸರಿಸಿದ್ದ ಗಡಿಯ ಬಾಂದುಕಲ್ಲಿನ ಫೋಟೋ ತೆಗೆಯಲು ಮಗ ಆ ಬೆಳಿಗ್ಗೆ ಹೋಗಿದ್ದ. ಮೊಬೈಲಿನದಾದರೆ ತಿದ್ದಿದ್ದು ಎನ್ನುತ್ತಾರೆಂದು ನನ್ನ ಹಳೆಯ ಕ್ಯಾಮೆರಾ ಕೊಟ್ಟೆ. ಅವನು ಬೇಗ ಚಿತ್ರ ಹಿಡಿಯುವ ನಾನೂರರ ಫಿಲಂ ಕೇಳಿದ. ನಾನು ಐವತ್ತರದನ್ನೇ ಹಾಕಿದೆ. ಅದು ನಿಧಾನದ ಫಿಲಂ, ಸ್ಟ್ಯಾಂಡಿನ ಹಿಂದೆ ಕದಲದೆ ನಿಲ್ಲಬೇಕು. ಆದರೆ ಕಲ್ಲಿನ ಮೇಲೆ ಕೊರೆದ ಸಣ್ಣ ಗೀಟೂ ಎದ್ದು ಕಾಣುತ್ತದೆ. ನನ್ನ ಮಾತು ಕೇಳಿ ಅವನು ಕದಲದೆ ನಿಂತ.

ಹತ್ತು ದಿನದ ಮೇಲೆ ಕ್ಯಾಮೆರಾ ಸ್ಟ್ಯಾಂಡಿನ ಸಮೇತ ಕತ್ತಾಳೆ ಬೇಲಿಯೊಳಗೆ ನನ್ನ ಕೈಗೇ ಸಿಕ್ಕಿತು.

ಗುಬ್ಬಿಯ ನನ್ನ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಗಡಿಯಾರವಿಲ್ಲ. ಒಂದು ಮಾಲೆ ಪಂಚಾಕ್ಷರಿ ಜಪಿಸಿದರೆ ಮೂರು ನಿಮಿಷ. ನಲವತ್ತು ವರ್ಷದಿಂದ ನನ್ನ ತಮ್ಮ ಅಣ್ಣಯ್ಯಪ್ಪ ಬಾಗಿಲ ಹೊರಗೆ ಕೂತು ಗಟ್ಟಿಯಾಗಿ ಜಪಿಸುತ್ತಾನೆ, ಒಳಗೆ ನಾನು ಫಿಲಂ ಮುಳುಗಿಸಿದ ಡಬ್ಬಿ ಅಲುಗಿಸುತ್ತೇನೆ.

“ನುಣ್ಣಗೆ ಬರೋ ಡೆವಲಪರ್ರೇ ಹಾಕಣ್ಣ, ಚಿತ್ರದಲ್ಲಿ ಕಾಳು ಏಳಲ್ಲ,” ಎಂದ ಅವನು, ಅವತ್ತೂ ಹೊರಗೆ ಕೂತು.

“ಎದ್ರೆ ಏಳ್ಲಿ. ಅದು ಕಾಳಿನ ಜೊತೆ ಅಂಚನ್ನೂ ಕರಗಿಸ್ಬಿಡುತ್ತೆ. ನಂಗೆ ಮುಖ ಬೇಕು ಕಣೋ.”

ಇನ್ನೊಂದನ್ನು ತೆಗೆದು ನೀರು ಹೆಚ್ಚಿಗೆ ಬೆರೆಸಿದೆ. ಅದಕ್ಕೆ ನಾಲ್ಕು ಮಾಲೆ ಬೇಕು, ಕಡಿಮೆಯಾದರೆ ಚಿತ್ರ ಮಸುಕಾಗುತ್ತದೆ. ಮೂರು ಮುಗಿಯುತ್ತಲೇ ಅಣ್ಣಯ್ಯಪ್ಪ ಹೊರಗಿನಿಂದ ಕೂಗಿದ: “ನಾಲ್ಕಾಯ್ತು, ತೆಗಿ!”

“ಮೂರು ಕಣೋ.”

“ನಿಂಗೆ ಬುದ್ಧಿ ನೆಟ್ಟಗಿಲ್ಲ ಬುಡಣ್ಣ. ತೆಗಿ.”

ಸಂಕಟದಲ್ಲಿ ಅವನಿಗೇ ಎಣಿಕೆ ತಪ್ಪಿದೆ ಎಂದುಕೊಂಡು ನಾಲ್ಕನೆಯದನ್ನು ನಾನೇ ಜಪಿಸಿದೆ.

ಚಿತ್ರ ಅಳಿಯದಂತೆ ಹೈಪೋದಲ್ಲಿ ಅದ್ದಿ, ದೀಪ ಹಾಕಿ ನೆಗೆಟಿವ್ ಹಿಡಿದು ನೋಡಿದೆ. ಮಚ್ಚು ಬೀಸುತ್ತ ಓಡಿಬಂದವನು ಹೊಗೆಯಂತೆ ಕಲಸಿಹೋಗಿದ್ದ. ಬಾಂದುಕಲ್ಲಿನ ಪಕ್ಕ ಇನ್ನೊಬ್ಬ ಕದಲದೆ ನಿಂತಿದ್ದ. ಅವನು ಮಾತ್ರ ಹುಬ್ಬಿನ ಕೂದಲ ಸಮೇತ ಮೂಡಿದ್ದ. ನೆಗೆಟಿವ್‌ನಲ್ಲಿ ಬಿಳಿಯದು ಕಪ್ಪಾಗುತ್ತದೆ. ಹಣೆಯ ವಿಭೂತಿ ಮೂರು ಕಪ್ಪು ಗೆರೆಯಾಗಿತ್ತು. ಕೈಯಲ್ಲಿ ಮಾಲೆ.

ಬಾಗಿಲು ತೆರೆದೆ.

“ಏನಾರ ಕಾಣ್ತಾ ಅಣ್ಣ?”

ಮಗನ ರಕ್ತ ಒಣಗಿದ್ದ ಸ್ಟ್ಯಾಂಡ್ ಗೋಡೆಗೆ ಒರಗಿತ್ತು. ಅದನ್ನೆತ್ತಿ ಮಾಲೆ ಹಿಡಿದ ಅವನ ಕೈಯ ಮೇಲೆ ಬಾರಿಸಿದೆ. ಮೂಳೆ ಲಟಕ್ಕೆಂದಿತು. ರುದ್ರಾಕ್ಷಿ ಚೆಲ್ಲಾಡಿದವು. ಬಿದ್ದವನ ಬಾಯಿಗೆ ಇನ್ನೊಂದು ಕೊಟ್ಟೆ.

“ನಾನು ಕೈ ಹಾಕ್ಲಿಲ್ಲ ಕಣಣ್ಣ!” ಹಲ್ಲು ರಕ್ತ ಉಗುಳುತ್ತ ಕಿರುಚಿದ. “ಬೀಸಿದ್ದು ಕರಿಸಿದ್ದಪ್ಪ. ಕಲ್ಲು ಸರಿಸೋಕೆ ದುಡ್ಡು ಇಸ್ಕೊಂಡಿದ್ದೆ, ನಾನು ನಿಂತಿದ್ದೆ ಅಷ್ಟೇ!”

“ನನ್ನ ಮಗ ನಿನ್ನ ‘ಚಿಕ್ಕಪ್ಪಾ’ ಅಂತ ಕೂಗ್ಲಿಲ್ವೇನೋ?”

ಅವನು ಮುಖ ಮುಚ್ಚಿಕೊಂಡ.

“ಕೂಗಿದ,” ಎಂದ.

ಸ್ಟ್ಯಾಂಡನ್ನು ಅವನ ತಲೆಯ ಮೇಲೆ ಎತ್ತಿದೆ. ಇಷ್ಟು ವರ್ಷ ಜಪಿಸಿದ ಆ ಶಿವ ನನ್ನನ್ನು ತಡೆಯಲಿಲ್ಲ. ತಡೆದದ್ದು ಒಂದೇ ಯೋಚನೆ: ಕರಿಸಿದ್ದಪ್ಪನ ಹೆಸರು ಹೇಳಲು ಈ ಬಾಯಿ ಬೇಕು.

ಹೊರಬಾಗಿಲಿಗೆ ಬೀಗ ಹಾಕಿ ಒಳಗೆ ಬಂದೆ. ಠಾಣೆಗೆ ಒಯ್ಯುವ ಮುಂಚೆ ಫಿಲಂ ತೊಳೆಯಬೇಕು, ಇಲ್ಲದಿದ್ದರೆ ಹಳದಿಯಾಗುತ್ತದೆ. ತೊಳೆಯಲೂ ನಾಲ್ಕು ಮಾಲೆ. ಅವನು ಹೊಸ್ತಿಲಲ್ಲಿ ನರಳುತ್ತಿದ್ದ. ನಾನು ಬೆರಳು ಮಡಚಿ ಎಣಿಸಿದೆ.