ಬಚ್ಚಲಮನೆಯ ಸೆಮಾಫೋರ್

ನನ್ನ ಮದುವೆಯ ದಿನ ಬೆಳಿಗ್ಗೆ ಬಚ್ಚಲಮನೆಯ ಬಾಗಿಲು ನನ್ನನ್ನು ಒಳಗೆ ಬಿಡಲಿಲ್ಲ. ಹನ್ನೊಂದಕ್ಕೆ ನೋಂದಣಿ ಕಚೇರಿಯಲ್ಲಿರಬೇಕಿತ್ತು. ಮದುಮಗನೋ ರೈಲ್ವೆ ಗಾರ್ಡ್. ಓಡೋಡಿ ಬರುತ್ತಿದ್ದ ಹೆತ್ತತಾಯಿಯನ್ನು ಪ್ಲಾಟ್‌ಫಾರ್ಮಿನಲ್ಲೇ ಬಿಟ್ಟು ಹಸಿರು ಬಾವುಟ ಬೀಸಿದ ಮಹಾನುಭಾವ. ತಡವಾದರೆ ನನ್ನನ್ನೂ ಹಾಗೇ ಬಿಟ್ಟುಹೋಗುತ್ತಾನೆಂಬ ಭಯ ನನಗೆ.

ಬಾಗಿಲು ನನ್ನ ತಮ್ಮನ ಕೈಚಳಕ. ಲಿಫ್ಟ್ ಕಂಪನಿಯಲ್ಲಿ ಸಿ ಭಾಷೆಯ ಪ್ರೋಗ್ರಾಂ ಬರೆಯುತ್ತಾನೆ. ಐದು ಜನರ ಮನೆಗೆ ಒಂದೇ ಬಚ್ಚಲು, ದಿನಾ ಜಗಳ. ಹಿಂದಿನ ಸಂಜೆ ಬಾಗಿಲಿಗೆ ಒಂದು ಡಬ್ಬಿ ಕೂರಿಸಿ ಪಾಠ ಮಾಡಿದ್ದ.

"ಇದರೊಳಗೆ ಸೆಮಾಫೋರ್ ಇದೆ. ಅಂದ್ರೆ ಒಂದೇ ಒಂದು ಟೋಕನ್. ಗುಂಡಿ ಒತ್ತಿ. ಟೋಕನ್ ಇದ್ರೆ ಬಾಗಿಲು ತೆಗೆಯುತ್ತೆ. ಒಳಗೆ ಯಾರಾದ್ರೂ ಇದ್ರೆ ಐದು ನಿಮಿಷ ನಿಮ್ಮ ಸರದಿ ಹಿಡಿದಿರುತ್ತೆ. ಅಷ್ಟರಲ್ಲಿ ಸಿಗದಿದ್ರೆ ಸಮಯ ಮುಗಿಯಿತು ಅನ್ನುತ್ತೆ."

ಮದುವೆಗೆ ಅವನ ಉಡುಗೊರೆಯಂತೆ, ಅವನ ತಲೆ!

ಬೆಳಿಗ್ಗೆ ಸೋದರತ್ತೆ ಒಳಗಿದ್ದರು. ಗುಂಡಿ ಒತ್ತಿದೆ. ಬೆರಳು ತೆಗೆಯುವ ಮೊದಲೇ ಡಬ್ಬಿ "ಸಮಯ ಮುಗಿಯಿತು" ಎಂದಿತು. ಮತ್ತೆ ಒತ್ತಿದೆ, ಮತ್ತೆ ಮುಗಿಯಿತು. ಅಪ್ಪ ಬಂದು ಒತ್ತಿದರು, ಅವರದ್ದೂ ಮುಗಿಯಿತು. ಕಾಯಲು ಬಿಟ್ಟರೆ ತಾನೇ ಸರದಿ? ತಮ್ಮನನ್ನು ಬೈಯಲು ಹೋದ ಗಳಿಗೆಯಲ್ಲೇ ಅತ್ತೆ ಹೊರಬಂದು ಅಪ್ಪ ಒಳಗಾದರು. ಬಟ್ಟೆ ಇಸ್ತ್ರಿ ಮಾಡಿ ಬರುವಷ್ಟರಲ್ಲಿ ಚಿಕ್ಕಪ್ಪ ಪೇಪರ್ ಸಮೇತ ನುಗ್ಗಿದ್ದರು. ಪೇಪರ್ ಹಿಡಿದು ಹೋದರೆ ಅವರು ಸದ್ಯಕ್ಕೆ ಬರುವ ಆಸಾಮಿಯಲ್ಲ.

ತಮ್ಮ ಬಚ್ಚಲ ಮುಂದೆಯೇ ಲ್ಯಾಪ್‌ಟಾಪ್ ಹಿಡಿದು ಚಕ್ಕಳಮಕ್ಕಳ ಕೂತ. ಆಮೇಲೆ ನಾಲಗೆ ಕಚ್ಚಿಕೊಂಡ.

"ಅಕ್ಕಾ, ಈ ಡಬ್ಬಿಗೆ ಎಷ್ಟು ಹೊತ್ತು ಕಾಯಬೇಕು ಅಂತ ಹೇಳಬಾರದಿತ್ತು. ಯಾವ ಹೊತ್ತಿನವರೆಗೆ ಅಂತ ಹೇಳಬೇಕಿತ್ತು. ಇದರ ಗಡಿಯಾರ ಶುರುವಾಗೋದು ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿಯ ಮೊದಲನೇ ದಿನದಿಂದ. ನಾನು ಐದು ನಿಮಿಷ ಅಂದೆ. ಅದು ಆವತ್ತಿನ ಐದು ನಿಮಿಷ ಅಂದ್ಕೊಂಡಿದೆ."

"ಅಂದ್ರೆ ನನ್ನ ಸರದಿ?"

"ಅಪ್ಪ ತೊಟ್ಟಿಲಲ್ಲಿದ್ದಾಗಲೇ ಮುಗಿದುಹೋಯ್ತು."

"ನಾನು ಯಾರಿಗೂ ತಡ ಮಾಡಿಲ್ಲಪ್ಪ," ಎಂದು ಅಪ್ಪ ಟವೆಲ್ಲಿನಲ್ಲೇ ಜಾರಿಕೊಂಡರು.

ಈಗಿನ ಗಂಟೆಗೆ ಐದು ನಿಮಿಷ ಕೂಡಿಸಿ ತಮ್ಮ ಸರಿಮಾಡಿದ. ಗುಂಡಿ ಒತ್ತಿದೆ. ಡಬ್ಬಿ ಮರ್ಯಾದೆಯಿಂದ ಕಾಯಿತು. ಒಳಗೆ ಚಿಕ್ಕಪ್ಪ ಪುಟ ತಿರುಗಿಸಿದರು. ಐದು ನಿಮಿಷ ಕಳೆದು "ಸಮಯ ಮುಗಿಯಿತು" ಎಂದಿತು, ಈ ಸಲ ನ್ಯಾಯವಾಗಿಯೇ.

"ಕೆಲಸ ಮಾಡ್ತಿದೆ!" ಎಂದು ತಮ್ಮ ಕುಣಿದ. ಚೊಂಬಿನಿಂದ ಅವನ ತಲೆಗೆ ಕುಟ್ಟಬೇಕೆನಿಸಿತು.

ಮದುಮಗನಿಗೆ ಫೋನ್ ಮಾಡಿದೆ. "ಇನ್ನೂ ಸ್ನಾನ ಆಗಿಲ್ಲ. ಸ್ವಲ್ಪ ಹೊತ್ತು ಕಾಯ್ತೀರಾ?"

"ಎಷ್ಟು ಗಂಟೆವರೆಗೆ ಅಂತ ಹೇಳು."

"ನೋಡು, ಹೇಗೆ ಕೇಳಬೇಕು ಅಂತ ಭಾವನಿಗೆ ಗೊತ್ತಿದೆ!" ಎಂದು ತಮ್ಮ ಪಕ್ಕದಲ್ಲೇ ಹಿಗ್ಗಿದ.

"ಹನ್ನೆರಡು," ಎಂದೆ.

"ಸರಿ. ಹನ್ನೆರಡಾದ ಮೇಲೆ ನಾನಿರಲ್ಲ."

ಅಡುಗೆಮನೆಯ ನಲ್ಲಿಯಲ್ಲಿ ಮುಖ ತೊಳೆದು ಓಡಿದೆ. ಬಸ್ಸು ಸಿಕ್ಕ ಸಿಕ್ಕಲ್ಲಿ ನಿಂತಿತು. ತಲುಪಿದಾಗ ಹನ್ನೆರಡು ದಾಟಿ ಎಷ್ಟೋ ಹೊತ್ತಾಗಿತ್ತು. ಶನಿವಾರ ಬೇರೆ, ಅರ್ಧ ದಿನದ ಕಚೇರಿಗೆ ಆಗಲೇ ಬೀಗ ಬಿದ್ದಿತ್ತು. ಮೆಟ್ಟಿಲ ಮೇಲೆ ಅವನು ಒಬ್ಬನೇ ಕೂತಿದ್ದ.

"ನೀವು ಹೊರಡಬೇಕಿತ್ತಲ್ಲ?"

"ಹೊರಟಿದ್ದೆ. ಬಸ್ ಸ್ಟಾಪಿಗೂ ಹೋದೆ. ಬಸ್ಸೂ ಬಂತು. ಹತ್ತಿ ಎಲ್ಲಿಗೆ ಹೋಗೋದು ಅಂತ ಹೊಳೀಲಿಲ್ಲ."

ನನಗೆ ಅಳು ಒತ್ತರಿಸಿ ಬಂತು. ಪಕ್ಕದಲ್ಲಿ ಕೂತೆ.

"ಸೋಮವಾರ ಎಷ್ಟು ಗಂಟೆಗೆ ಬರಲಿ?" ಎಂದೆ.

ಅವನು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿದ.

"ಸ್ನಾನ ಮಾಡ್ಕೊಂಡು ಬಾ," ಎಂದ.